ಕಾಗಿಣಾ ಸೀಮೆಯ ಒಕ್ಕಲುವಾಡೆ: ವಾಸ್ತುವೂ ಪರಿಮಿತಿಯೂ

ಗೃಹಸ್ಥನು ತನ್ನ ಪರಿಗ್ರಹಕ್ಕೆ ತಾನೇ ಮಿತಿಯನ್ನು ಹಾಕಿಕೊಳ್ಳಬೇಕೆಂದು ವಿಧಿಸುವ ಸಂದರ್ಭದಲ್ಲಿ ತತ್ತ್ವಾರ್ಥಸೂತ್ರವು ಆ ಪರಿಗ್ರಹದ ವಸ್ತುಗಳನ್ನು ಒಂದೊಂದಾಗಿ ಎಣಿಸುತ್ತದೆ. ಹೊಲ ಮತ್ತು ಮನೆ, ಬೆಳ್ಳಿ ಮತ್ತು ಬಂಗಾರ, ದನಕರು ಮತ್ತು ಧಾನ್ಯ, ಆಳುಮಕ್ಕಳು, ಕೊನೆಗೆ ಬಟ್ಟೆಬರೆ ಪಾತ್ರೆಪಡಗ. ಈ ಎಣಿಕೆಯನ್ನು ಗಮನವಿಟ್ಟು ನೋಡಿದರೆ ಅದು ಬರಿಯ ಶಾಸ್ತ್ರದ ಪಟ್ಟಿಯಾಗಿರದೆ ಒಂದು ಒಕ್ಕಲುಮನೆಯ ಯಥಾವತ್ತಾದ ಚಿತ್ರವಾಗಿರುವುದು ತಿಳಿಯುತ್ತದೆ. ಹೆಬ್ಬಾಗಿಲಿನಿಂದ ಹಿತ್ತಿಲವರೆಗೆ ನಡೆದುಹೋದವನ ಕಣ್ಣಿಗೆ ಯಾವ ಯಾವುದು ಬೀಳುವುದೋ ಅದೆಲ್ಲವೂ ಅಲ್ಲಿದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗಳ ಹಳೆಯ ವಾಡೆಗಳನ್ನು ಅರಿಯಲು ಇದಕ್ಕಿಂತ ಒಳ್ಳೆಯ ಕೈದೀವಿಗೆ ದೊರೆಯಲಾರದು. ಈ ವಾಡೆಗಳನ್ನು ಕಟ್ಟಿಸಿದವರಲ್ಲಿ ನಾನಾ ಮತಪಂಥಗಳವರಿದ್ದರು. ಆದರೆ ಅವುಗಳು ಎತ್ತುವ ಪ್ರಶ್ನೆ ಒಂದೇ: ನೆಲವನ್ನೂ ಕಾಳನ್ನೂ ಜೀವಗಳನ್ನೂ ಒಂದೇ ಗೋಡೆಯೊಳಗೆ ಕೂಡಿಸಿಟ್ಟುಕೊಂಡ ಮನುಷ್ಯನು ಯಾವ ಅಳತೆಯಲ್ಲಿ ಬಾಳಬೇಕು?

ನಾಡು ಮತ್ತು ನೆಲ

ಸೇಡಂ ತಾಲ್ಲೂಕಿನ ಮುಧೋಳವು ತೆಲಂಗಾಣದ ಗಡಿಗೆ ಹತ್ತಿರದ ಊರು. ಬಾಗಲಕೋಟೆ ಜಿಲ್ಲೆಯ ಪ್ರಸಿದ್ಧ ಮುಧೋಳದೊಡನೆ ಇದನ್ನು ಬೆರೆಸಬಾರದು. ಈ ಭಾಗದ ಜೀವನದಿ ಕಾಗಿಣಾ. ತೆಲಂಗಾಣದ ಎತ್ತರದ ನೆಲದಲ್ಲಿ ಹುಟ್ಟಿ, ಸೇಡಂ ಚಿತ್ತಾಪುರ ಸೀಮೆಗಳನ್ನು ಹಾದು, ಶಹಾಬಾದಿನ ಬಳಿ ಭೀಮೆಯನ್ನು ಸೇರುತ್ತದೆ. ನದಿಯ ಎರಡೂ ಬದಿಗೆ ಕರಿಯ ಎರೆಭೂಮಿ. ಆ ಭೂಮಿಯ ಅಡಿಯಲ್ಲಿ ಪದರು ಪದರಾಗಿ ಮಲಗಿರುವ ಸುಣ್ಣದ ಕಲ್ಲು. ಶಹಾಬಾದ ಫರಸಿಯೆಂದು ದೇಶದಾದ್ಯಂತ ಹೆಸರಾದ ಕಲ್ಲು ಇದೇ. ಉಳಿಯಿಟ್ಟು ಹೊಡೆದರೆ ಹಾಳೆಯಂತೆ ಏಳುವ ಗುಣ ಅದಕ್ಕಿದೆ.

ಈ ಎರಡು ವಸ್ತುಗಳೇ ಇಲ್ಲಿಯ ಒಕ್ಕಲುಮನೆಯ ಸ್ವರೂಪವನ್ನು ನಿರ್ಧರಿಸಿದವು. ಎರೆಭೂಮಿಯು ಮುಂಗಾರಿನಲ್ಲಿ ತೊಗರಿ, ಹೆಸರು, ಉದ್ದುಗಳನ್ನೂ ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳನ್ನೂ ಕೊಟ್ಟಿತು. ನೀರಾವರಿಯಿಲ್ಲದ ಈ ಸಾಗುವಳಿಯಲ್ಲಿ ಒಂದು ವರ್ಷ ಕಣ ತುಂಬಿದರೆ ಇನ್ನೊಂದು ವರ್ಷ ಬಿತ್ತಿದ ಬೀಜವೂ ಹಿಂದಿರುಗುತ್ತಿರಲಿಲ್ಲ. ಆದ್ದರಿಂದ ಕಾಳನ್ನು ವರ್ಷಗಟ್ಟಲೆ ಕಾಪಾಡುವ ವ್ಯವಸ್ಥೆಯು ಮನೆಯ ಅಂಗವೇ ಆಯಿತು. ಮಾಳಿಗೆಗೆ, ಗೋಡೆಗೆ, ನೆಲಗಟ್ಟಿಗೆ, ಗೋದಲಿಗೆ ಬೇಕಾದ ಕಲ್ಲು ಊರ ಮಗ್ಗುಲಲ್ಲಿಯೇ ಸಿಕ್ಕಿತು. ಬೇಸಿಗೆಯ ಬಿಸಿಲು ನಾಲ್ವತ್ತು ಡಿಗ್ರಿಯನ್ನು ಮೀರುವ ಈ ನಾಡಿನಲ್ಲಿ ದಪ್ಪಗೋಡೆ ಮತ್ತು ಮಣ್ಣಿನ ಮಾಳಿಗೆಗಳು ಭೋಗದ ವಸ್ತುಗಳಲ್ಲ, ಬದುಕಿನ ಅಗತ್ಯಗಳು.

ಮಾನ್ಯಖೇಟದ ನೆರಳಿನಲ್ಲಿ

ಸೇಡಂ ಪಟ್ಟಣಕ್ಕೆ ಸಮೀಪದಲ್ಲಿ, ಕಾಗಿಣಾ ತೀರದಲ್ಲಿ ಇಂದಿನ ಮಳಖೇಡವಿದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನೆಂದು ಖ್ಯಾತನಾದ ಅಮೋಘವರ್ಷನು 814ರಿಂದ 878ರವರೆಗೆ ಆಳಿದನು. ಅವನ ಗುರುಗಳೆಂದು ಪ್ರಸಿದ್ಧರಾದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಪ್ರಥಮ ತೀರ್ಥಂಕರನು ಜನರಿಗೆ ಬೋಧಿಸಿದ ಷಟ್ಕರ್ಮಗಳನ್ನು ಹೇಳಿದ್ದಾರೆ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಈ ಆರರಲ್ಲಿ ಕೃಷಿಗೂ ಸಮಾನವಾದ ಸ್ಥಾನವಿದೆ. ನೆಲವನ್ನು ಉಳುವಾಗ ಜೀವಹಾನಿಯಾಗುವುದೆಂಬ ಕಾರಣದಿಂದ ಜೈನರು ಒಕ್ಕಲುತನವನ್ನು ನಿಷೇಧಿಸಿದರೆಂಬ ಒಂದು ತಪ್ಪು ಕಲ್ಪನೆ ಹರಡಿದೆ. ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತೊರೆಯಬೇಕೆನ್ನುತ್ತದೆ. ವೃತ್ತಿಯಲ್ಲಿ ಅನಿವಾರ್ಯವಾಗಿ ಒದಗುವ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕೆನ್ನುತ್ತದೆ. ಕರ್ನಾಟಕದ ಉತ್ತರ ಭಾಗದಲ್ಲಿ ಇಂದಿಗೂ ನೇಗಿಲು ಹಿಡಿದ ಜೈನ ಒಕ್ಕಲುಗಳು ಅಸಂಖ್ಯವಾಗಿರುವುದು ಈ ವಿವೇಕದ ಫಲ.

ಅಮೋಘವರ್ಷನ ಆಳ್ವಿಕೆಯಲ್ಲಿಯೇ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಆ ಗ್ರಂಥವು ನೆಲ, ಕಾಲ, ಧಾನ್ಯ, ಬಂಗಾರ, ಬೆಳ್ಳಿ, ಲೋಹಗಳ ಅಳತೆಗಳ ವಿವರಣೆಯಿಂದ ಆರಂಭವಾಗುತ್ತದೆ. ಅದರ ಒಂದು ಪ್ರಕರಣವು ಅಗೆದ ಗುಂಡಿಗಳ ಗಾತ್ರವನ್ನು ಲೆಕ್ಕಹಾಕುವ ಖಾತವ್ಯವಹಾರಕ್ಕೆ ಮೀಸಲಾಗಿದೆ. ಕಾಳಿನ ಅಳತೆಯೂ ಗುಂಡಿಯ ಅಳತೆಯೂ ವಿದ್ವಾಂಸರ ಲೆಕ್ಕಕ್ಕೆ ಯೋಗ್ಯವೆನಿಸಿದ್ದ ಕಾಲ ಅದು.

ಭೂಮಿಯು ದಾನದ ವಸ್ತುವೂ ಆಗಿದ್ದಿತು. ಈಗಿನ ಗದಗ ಜಿಲ್ಲೆಯ ಕೊಣ್ಣೂರಿನ ಶಾಸನದಂತೆ, 860ರಲ್ಲಿ ಅಮೋಘವರ್ಷನು ತನ್ನ ಸೇನಾನಿ ಬಂಕೆಯನ ಬಿನ್ನಹವನ್ನು ಮನ್ನಿಸಿ, ಅವನು ಕಟ್ಟಿಸಿದ ಜಿನಾಲಯಕ್ಕಾಗಿ ದೇವೇಂದ್ರ ಮುನಿಗಳಿಗೆ ತಲೆಯೂರೆಂಬ ಗ್ರಾಮವನ್ನೂ ಬೇರೆ ಊರುಗಳಲ್ಲಿ ನೆಲವನ್ನೂ ಕೊಟ್ಟನು. ಸೇಡಂ ಊರಿನ ಶಾಸನಗಳಲ್ಲಿ ಸೇಡಿಂಬದ ಮುನ್ನೂರ್ವರು ಮಹಾಜನರು ಶಾಂತಿನಾಥ ಬಸದಿಯನ್ನು ಕಟ್ಟಿಸಿದ ಸಂಗತಿಯಿದೆ. ಅದು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲ. ಕನ್ನಡ ನಾಡಿನ ಇಂತಹ ದತ್ತಿಶಾಸನಗಳಲ್ಲಿ ಮತ್ತರುಗಳ ಲೆಕ್ಕದ ಹೊಲ, ಹೂದೋಟ, ಗಾಣ, ಮನೆಯ ನಿವೇಶನಗಳು ಮೇಲಿಂದ ಮೇಲೆ ಕಾಣಬರುತ್ತವೆ. ಅರಮನೆಗಳು ಉಳಿಯಲಿಲ್ಲ. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು, ರಾಜಧಾನಿಯು ಹಳ್ಳಿಯಾಯಿತು. ಮಳಖೇಡದಲ್ಲಿ ನೇಮಿನಾಥ ಬಸದಿಯೂ ಭಟ್ಟಾರಕ ಪೀಠದ ಪರಂಪರೆಯೂ ಉಳಿದುಬಂದವು. ಅವುಗಳ ಸುತ್ತ ಅದೇ ಎರೆಭೂಮಿ, ಅದೇ ಬಿಳಿಜೋಳ, ಅದೇ ಒಕ್ಕಲುತನ ಮುಂದುವರಿದವು. ಬಹಮನಿಗಳೂ ಅವರ ತರುವಾಯದ ಸುಲ್ತಾನರೂ ಮೊಗಲರೂ ನಿಜಾಮರೂ ಬಂದುಹೋದರು. ಕಂದಾಯವನ್ನು ಕೇಳುವ ಭಾಷೆ ಬದಲಾಯಿತೇ ಹೊರತು ಕೊಡುವ ಕಣ ಬದಲಾಗಲಿಲ್ಲ.

ಕಲ್ಲು, ಮಣ್ಣು, ಮರ

ಇಂದು ಈ ಸೀಮೆಯ ಊರುಗಳಲ್ಲಿ ಕಾಣುವ ವಾಡೆಗಳಲ್ಲಿ ಬಹುಭಾಗವು ನಿಜಾಮರ ಆಳ್ವಿಕೆಯ ಕಾಲದವು. ಊರ ಗೌಡ, ದೇಸಾಯಿ, ದೇಶಮುಖ, ಕುಲಕರ್ಣಿ ಮನೆತನಗಳೂ ಅನುಕೂಲಸ್ಥ ಒಕ್ಕಲಿಗರೂ ಕಟ್ಟಿಸಿದಂಥವು. ಕಂದಾಯ ವಸೂಲಿಯ ಮಾಲಿಪಾಟೀಲ, ಬಂದೋಬಸ್ತಿನ ಪೊಲೀಸ್ ಪಾಟೀಲ ಎಂಬ ಎರಡು ಗೌಡಿಕೆಗಳು ಇಲ್ಲಿದ್ದುವು. ಆ ಹೆಸರುಗಳು ಇಂದು ಅಡ್ಡಹೆಸರುಗಳಾಗಿ ಉಳಿದಿವೆ. ವಾಡೆಯು ಒಂದೇ ವೇಳೆಗೆ ಮನೆಯೂ ಕಚೇರಿಯೂ ಉಗ್ರಾಣವೂ ಆಪತ್ತಿನ ಕಾಲದ ಕೋಟೆಯೂ ಆಗಿದ್ದಿತು. ಕೆಲವು ಊರುಗಳಲ್ಲಿ ಇದಕ್ಕೆ ಜೊತೆಯಾಗಿ ದುಂಡಗಿನ ಹುಡೇವು ಇರುತ್ತಿತ್ತು. ದರೋಡೆಕೋರರು ಬಂದಾಗ ಅದರ ಮೇಲಿಂದಲೇ ಕಾವಲು.

ಹೆಬ್ಬಾಗಿಲು ಹುಲ್ಲು ಹೇರಿದ ಬಂಡಿ ಒಳಬರುವಷ್ಟು ಎತ್ತರ ಮತ್ತು ಅಗಲ. ದೊಡ್ಡ ಕದದಲ್ಲಿಯೇ ಒಬ್ಬರು ಬಗ್ಗಿ ಬರುವಷ್ಟು ಚಿಕ್ಕ ದಿಡ್ಡಿಬಾಗಿಲು. ಹೊರಗೆ ಎರಡೂ ಮಗ್ಗುಲಿಗೆ ಕಟ್ಟೆ. ದಾರಿಹೋಕನು ಯಾರನ್ನೂ ಕೇಳದೆ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು. ಗೋಡೆಗಳನ್ನು ಒಡೆದ ಫರಸಿಯ ತುಂಡುಗಳಿಂದ, ಮಣ್ಣಿನ ಗಾರೆಯಲ್ಲಿ ಮೊಳಗಟ್ಟಲೆ ದಪ್ಪವಾಗಿ ಏರಿಸುತ್ತಿದ್ದರು. ಒಳಗೆ ಮರದ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಜಂತಿ. ಜಂತಿಗಳ ಮೇಲೆ ತೆಳುಫರಸಿಯನ್ನಾಗಲಿ ಕಟ್ಟಿಗೆಯ ಸೀಳುಗಳನ್ನಾಗಲಿ ಹಾಸಿ, ಸೊಪ್ಪು ಹರಡಿ, ಮೇಲೆ ಮಣ್ಣು ಹೇರಿ ಬಡಿದರೆ ಮಾಳಿಗೆಯಾಯಿತು. ನೀರನ್ನು ಒಳಗೆ ಬಿಡದ ಕರಲುಮಣ್ಣಿಗೆ ಇಲ್ಲಿ ಬೆಲೆ ಹೆಚ್ಚು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲಿನ ಹುಲ್ಲು ಕಿತ್ತು ಹೊಸಮಣ್ಣು ಹಾಕಿ ಬಡಿಯುವುದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಆ ಕೆಲಸವು ಎರಡು ಮೂರು ವರ್ಷ ತಪ್ಪಿದರೆ ಸಾಕು, ನೀರು ಜಂತಿಗೆ ಇಳಿದು ತೊಲೆ ಕೊಳೆತು ವಾಡೆಯು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಕಲ್ಲಿನ ಮನೆ ಎಂದ ಮಾತ್ರಕ್ಕೆ ಅದು ಶಾಶ್ವತವಲ್ಲ. ವರ್ಷವರ್ಷದ ಮನುಷ್ಯಪ್ರಯತ್ನವೇ ಅದರ ಆಯುಷ್ಯ.

ಕಿಟಕಿಗಳು ಕಡಿಮೆ. ಮಾಳಿಗೆಯ ಬೆಳಕಿಂಡಿಯಿಂದ ಬೆಳಕು ಇಳಿಯುತ್ತದೆ, ಅಡುಗೆಯ ಹೊಗೆ ಏರುತ್ತದೆ. ಮಳೆ ಬಂದರೆ ಒಂದು ಹಾಸುಗಲ್ಲು ಅದನ್ನು ಮುಚ್ಚುತ್ತದೆ. ಸಂಜೆಗತ್ತಲೆ ಬೇಗನೆ ಕವಿಯುವ ಇಂತಹ ಒಳಮನೆಗಳಲ್ಲಿ ಹೊತ್ತು ಮುಳುಗುವ ಮುಂಚೆ ಉಣ್ಣುವ ಅನಸ್ತಮಿತ ಭೋಜನದ ನಿಯಮವೂ, ಬಾವಿಯ ನೀರನ್ನು ಬಟ್ಟೆಯಲ್ಲಿ ಗಾಳಿಸಿ ಕುಡಿಯುವ ನಿಯಮವೂ ಎಷ್ಟು ವ್ಯಾವಹಾರಿಕ ವಿವೇಕವೆಂಬುದು ತಾನಾಗಿಯೇ ಮನದಟ್ಟಾಗುತ್ತದೆ.

ಎತ್ತಿನ ಮನೆ, ಮನುಷ್ಯನ ಮನೆ

ಉತ್ತರ ಕರ್ನಾಟಕದ ಒಕ್ಕಲುಮನೆಯ ವಿಶೇಷವೆಂದರೆ ಹೊರಬಾಗಿಲನ್ನು ದಾಟಿದೊಡನೆ ಎದುರಾಗುವುದು ದನಗಳ ಸ್ಥಳ. ಅದು ತಗ್ಗಿನಲ್ಲಿರುತ್ತದೆ, ಅಲ್ಲಿಂದ ಒಂದೆರಡು ಮೆಟ್ಟಿಲೇರಿದರೆ ಮನುಷ್ಯರ ಪಡಸಾಲೆ. ಮಾಳಿಗೆ ಮಾತ್ರ ಒಂದೇ. ಗೋದಲಿಯಲ್ಲಿ ಮೇಯುವ ಎತ್ತಿನ ಉಸಿರು ಪಡಸಾಲೆಯಲ್ಲಿ ಮಲಗಿದವನಿಗೆ ಕೇಳುತ್ತದೆ. ಕಳ್ಳರ ಭಯವೂ ಕಾಡುಮೃಗಗಳ ಭಯವೂ ಈ ಏರ್ಪಾಟಿಗೆ ಕಾರಣವಿರಬಹುದು. ಆದರೆ ಅದರ ಪರಿಣಾಮವು ನೈತಿಕವಾದದ್ದು: ತನ್ನ ಎತ್ತು ಹಸಿದಿರುವುದನ್ನು ಯಜಮಾನನು ಕಾಣದೆ ಇರಲಾರನು.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಇಲ್ಲಿ ನೆನೆಯಬಹುದು. ಬಿಗಿದು ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಅತಿಭಾರವನ್ನು ಹೇರುವುದು, ಅನ್ನನೀರುಗಳನ್ನು ತಡೆಯುವುದು. ಇವುಗಳಲ್ಲಿ ಒಂದಾದರೂ ರಣರಂಗಕ್ಕೆ ಸಂಬಂಧಿಸಿದ್ದಲ್ಲ. ಐದೂ ಹಗ್ಗ, ಬಾರುಕೋಲು, ಬಂಡಿ, ಗೋದಲಿಗಳ ಲೋಕಕ್ಕೆ ಸೇರಿದವು. ಸಮಂತಭದ್ರಾಚಾರ್ಯರು ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಶುಗಳನ್ನು ಶಕ್ತಿ ಮೀರಿ ನಡೆಸುವುದನ್ನೂ ಅತಿಯಾಗಿ ಸಂಗ್ರಹಿಸುವುದನ್ನೂ ಮಿತಿಮೀರಿ ಭಾರ ಹೊರಿಸುವುದನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಲೋಭವೂ ಪಶುಹಿಂಸೆಯೂ ಒಂದೇ ಬೇರಿನವೆಂಬುದು ಅವರ ಇಂಗಿತ.

ಗ್ರಾಮದ ಆಚಾರದಲ್ಲಿಯೂ ಈ ಅರಿವು ಬೇರೆ ರೂಪದಲ್ಲಿ ನೆಲೆಸಿದ್ದಿತು. ಸೋಮವಾರದಂದು ಎತ್ತಿನ ಹೆಗಲಿಗೆ ನೊಗವನ್ನು ಇಡದಿರುವ ಕಟ್ಟಳೆ ಈ ಭಾಗದಲ್ಲಿ ವ್ಯಾಪಕವಾಗಿದ್ದಿತು. ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಹಚ್ಚಿ ಮೆರೆಸುವರು. ಎಳ್ಳ ಅಮಾವಾಸ್ಯೆಗೆ ಸಜ್ಜೆಯ ಕಡುಬು, ಭಜ್ಜಿಪಲ್ಯಗಳನ್ನು ಹೊಲಕ್ಕೊಯ್ದು, ತಾವು ಉಣ್ಣುವುದಕ್ಕೆ ಮೊದಲು ಬೆಳೆಯ ನಡುವೆ ಚರಗ ಚೆಲ್ಲುವರು. ಅದನ್ನು ಇರುವೆಯೂ ತಿನ್ನುತ್ತದೆ, ಹಕ್ಕಿಯೂ ತಿನ್ನುತ್ತದೆ.

ಕಣದ ನ್ಯಾಯ

ವಾಡೆಯ ಅತ್ಯಂತ ಮುಖ್ಯವಾದ ಅಂಗವು ಅದರ ಗೋಡೆಯ ಹೊರಗೆ, ಊರ ಅಂಚಿನಲ್ಲಿ ಇರುತ್ತಿತ್ತು. ಅದು ಕಣ. ನೆಲವನ್ನು ಕೆತ್ತಿ, ನೀರು ಹೊಡೆದು, ತುಳಿಸಿ, ಸಗಣಿಯಿಂದ ಸಾರಿಸಿ ಕಲ್ಲಿನಂತೆ ಗಟ್ಟಿಮಾಡುತ್ತಿದ್ದರು. ನಡುವೆ ಮೇಟಿ ಕಂಬ. ಅದರ ಸುತ್ತ ಸಾಲಾಗಿ ಕಟ್ಟಿದ ಎತ್ತುಗಳು ತೆನೆಗಳನ್ನು ತುಳಿಯುತ್ತ ಸುತ್ತುವವು. ಇದಕ್ಕೆ ಹಂತಿ ಹೊಡೆಯುವುದೆಂದು ಹೆಸರು. ಬೆಳದಿಂಗಳಿನಲ್ಲಿ ರಾತ್ರಿಯುದ್ದಕ್ಕೂ ಹಂತಿ ಹಾಡುಗಳು ಕೇಳಿಬರುತ್ತಿದ್ದವು.

ತುಳಿಯುವ ಎತ್ತು ಕಾಲಡಿಯ ತೆನೆಗೆ ಬಾಯಿಹಾಕುವುದು ಸಹಜ. ಅದನ್ನು ತಡೆಯಲು ಬಾಯಿಗೆ ಕುಕ್ಕೆ ಕಟ್ಟುವರು. ಜೈನ ಕಥಾಪರಂಪರೆಯಲ್ಲಿ ಪ್ರಚಲಿತವಾಗಿರುವ ಒಂದು ಕಥೆ ಈ ಕುಕ್ಕೆಯನ್ನು ಕುರಿತದ್ದು. ವೃಷಭನಾಥನು ದೀಕ್ಷೆಯ ತರುವಾಯ ಆಹಾರಕ್ಕೆಂದು ನಡೆದಾಗ ತಿಂಗಳುಗಟ್ಟಲೆ ಅವನಿಗೆ ವಿಧಿಪೂರ್ವಕವಾದ ಭಿಕ್ಷೆ ದೊರೆಯಲಿಲ್ಲ. ಹಿಂದೊಮ್ಮೆ ಕಣದಲ್ಲಿ ಎತ್ತುಗಳ ಬಾಯನ್ನು ಕಟ್ಟುವಂತೆ ಹೇಳಿಕೊಟ್ಟ ಕರ್ಮದ ಫಲ ಅದೆಂದು ಕಥೆ ಹೇಳುತ್ತದೆ. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ಹಾಲನ್ನು ನೀಡಿದನು; ಆ ದಿನವೇ ಅಕ್ಷಯ ತೃತೀಯೆ. ಕೃಷಿಯನ್ನು ಲೋಕಕ್ಕೆ ಕಲಿಸಿದವನೂ ಕಣದಲ್ಲಿ ಆದ ಒಂದು ಚಿಕ್ಕ ನಿರ್ದಯತೆಯ ಸಾಲವನ್ನು ತೀರಿಸಬೇಕಾಯಿತು ಎಂಬ ಈ ಕಲ್ಪನೆಯು ಎಲ್ಲ ಒಕ್ಕಲಿಗರಿಗೂ ಎಚ್ಚರಿಕೆಯ ಮಾತು. ಉತ್ಪಾದನೆಗೆ ದುಡಿದ ಬಾಯಿಗೆ ಉತ್ಪನ್ನದ ಒಂದು ತುತ್ತು ಸಲ್ಲಬೇಕೆಂಬುದೇ ಅದರ ಸಾರ.

ಈ ಮಾತು ಎತ್ತಿಗೆ ಮಾತ್ರ ಸೀಮಿತವಲ್ಲ. ಕಣದಲ್ಲಿ ರಾಶಿಯಾದ ಕಾಳು ಮನೆಗೆ ಹೋಗುವ ಮುಂಚೆ ಆಯಗಾರರ ಪಾಲನ್ನು ಅಳೆಯುವುದು ಪದ್ಧತಿ. ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿಗ, ಮಿಣಿಹಗ್ಗ ಕಣ್ಣಿಗಳನ್ನು ಒದಗಿಸಿದವರು ವರ್ಷವಿಡೀ ಮಾಡಿದ ಕೆಲಸಕ್ಕೆ ಅಲ್ಲಿ ಪ್ರತಿಫಲ. ತಿರುಕರಿಗೂ ಜಂಗಮ ಜೋಗಿಗಳಿಗೂ ಮೊರದಷ್ಟು ಕಾಳು. ಇದು ದಾನವೂ ಹೌದು, ವೇತನವೂ ಹೌದು, ಮೇಲುಕೀಳುಗಳ ಪ್ರದರ್ಶನವೂ ಹೌದು. ಯಾರಿಗೆ ಮೊದಲು, ಯಾರಿಗೆ ಕಡೆಗೆ, ಯಾರಿಗೆ ಸ್ವಚ್ಛವಾದ ಕಾಳು, ಯಾರಿಗೆ ಕಣದಡಿಯ ಮಣ್ಣುಗಾಳು ಎಂಬುದರಲ್ಲಿ ಊರಿನ ಜಾತಿವ್ಯವಸ್ಥೆ ಕೈಕನ್ನಡಿಯಂತೆ ಕಾಣುತ್ತಿತ್ತು.

ಹಗೇವು

ಆಯವೂ ಕಂದಾಯವೂ ಹೋಗಿ ಉಳಿದ ಕಾಳಿನಲ್ಲಿ ಅಡುಗೆಗೆ ಬೇಕಾದಷ್ಟು ಮನೆಯೊಳಗಿನ ಕಣಜ ವಾಡೇವುಗಳಿಗೆ ಹೋಗುತ್ತಿತ್ತು. ಉಳಿದದ್ದು ಹಗೇವಿಗೆ. ವಾಡೆಯ ಅಂಗಳದಲ್ಲಿಯೋ ಎದುರಿನ ಬೀದಿಯಲ್ಲಿಯೋ ಗಟ್ಟಿನೆಲವನ್ನು ನೋಡಿ ಅಗೆದ ನೆಲಮಾಳಿಗೆಯೇ ಹಗೇವು. ಬಾಯಿ ಒಬ್ಬ ಮನುಷ್ಯನು ಇಳಿಯುವಷ್ಟು ಕಿರಿದು; ಒಳಗೆ ಹರವಿಯಂತೆ ಉಬ್ಬಿದ ಹೊಟ್ಟೆ. ಒಳಗೋಡೆಯ ತೇವವನ್ನು ಬೆಂಕಿಯಿಂದ ಆರಿಸಿ, ತಳಕ್ಕೂ ಬದಿಗೂ ಒಣಹುಲ್ಲನ್ನು ಹೊಂದಿಸಿ, ಜೋಳವನ್ನು ಸುರಿದು, ಮೇಲೆ ಹುಲ್ಲು ಹೊದಿಸಿ, ಹಾಸುಗಲ್ಲನ್ನಿಟ್ಟು ಮಣ್ಣಿನಿಂದ ಮೆತ್ತಿಬಿಟ್ಟರೆ ಕಾಳು ಹಲವು ವರ್ಷ ಕೆಡುತ್ತಿರಲಿಲ್ಲ.

ಇದರ ಗುಟ್ಟು ಸರಳ. ಮುಚ್ಚಿದ ಗುಂಡಿಯಲ್ಲಿ ಕಾಳೂ ಅದರೊಡನಿರುವ ಹುಳುವೂ ಉಸಿರಾಡಿ ಆಮ್ಲಜನಕವು ಕುಗ್ಗುತ್ತದೆ, ಇಂಗಾಲದ ಡೈಆಕ್ಸೈಡು ಹೆಚ್ಚುತ್ತದೆ. ಆ ಗಾಳಿಯಲ್ಲಿ ನುಸಿ ಬೆಳೆಯಲಾರದು. ಯಾವ ವಿಷವೂ ಬೇಕಿಲ್ಲ. ಆದರೆ ಅದೇ ಗಾಳಿ ಮನುಷ್ಯನಿಗೂ ಮಾರಕ. ಹಗೇವನ್ನು ತೆರೆದು ಬಹಳ ಹೊತ್ತು ಬಿಟ್ಟು, ಉರಿಯುವ ದೀಪವನ್ನು ಹಗ್ಗದಿಂದ ಇಳಿಸಿ, ಅದು ನಂದದಿದ್ದರೆ ಮಾತ್ರ ಆಳು ಇಳಿಯಬೇಕೆಂಬ ಕಟ್ಟಳೆಯಿದ್ದಿತು. ಆತುರಪಟ್ಟಲ್ಲಿ ಜೀವಹಾನಿ ತಪ್ಪುತ್ತಿರಲಿಲ್ಲ. ಇಳಿಯುತ್ತಿದ್ದವನು ಯಜಮಾನನಲ್ಲ, ಆಳುಮಗ ಎಂಬುದನ್ನು ಮರೆಯಬಾರದು.

ಹಗೇವು ಬರಗಾಲದ ನೆಂಟ. 1791–92ರ ಡೋಗಿ ಬರ, 1876–78ರ ಮಹಾಕ್ಷಾಮಗಳು ದಖ್ಖನ್ನಿನ ಊರೂರುಗಳನ್ನು ಬರಿದುಮಾಡಿದವು. ಅಂತಹ ವೇಳೆಯಲ್ಲಿ ಹಗೇವನ್ನು ತೆರೆದು ಅಂಬಲಿ ಕಾಸಿ ಹಂಚಿದ ಮನೆತನಗಳ ಹೆಸರು ಜನರ ಬಾಯಲ್ಲಿ ಉಳಿಯುತ್ತಿತ್ತು. ತೆರೆಯದೆ ಬೆಲೆಯೇರಿಕೆಯನ್ನು ಕಾದ ಮನೆತನಗಳ ಹೆಸರೂ ಉಳಿಯುತ್ತಿತ್ತು. ಒಂದೇ ಗುಂಡಿ, ಒಂದೇ ಜೋಳ. ಮುಚ್ಚಳವನ್ನು ಎತ್ತುವ ಕಾಲವೊಂದೇ ಅದನ್ನು ದಾನದ ಭಂಡಾರವನ್ನಾಗಿಯೋ ಅತಿಸಂಗ್ರಹದ ಪಾಪಕೂಪವನ್ನಾಗಿಯೋ ಮಾಡುತ್ತಿತ್ತು.

ನಡುವಣ ದಾರಿಯೊಂದಿತ್ತು, ಅದೇ ಹೆಚ್ಚು ಬಳಕೆಯದು. ಬಿತ್ತನೆಯ ಹೊತ್ತಿಗೆ ಬಡ ಒಕ್ಕಲಿಗನಿಗೆ ಕಾಳನ್ನು ಸಾಲಕೊಟ್ಟು, ಸುಗ್ಗಿಯಲ್ಲಿ ಸವಾಯಿ ಎಂದರೆ ಒಂದಕ್ಕೆ ಒಂದೂಕಾಲು, ದೀಡಿ ಎಂದರೆ ಒಂದಕ್ಕೆ ಒಂದೂವರೆಯಂತೆ ಹಿಂಪಡೆಯುವುದು. ಕೆಲವೇ ತಿಂಗಳಿಗೆ ಇಷ್ಟು ಬಡ್ಡಿ. ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಬಳಸುವ ಮನೆಗಳೂ ಇಲ್ಲದಿರಲಿಲ್ಲ. ಹೀನಾಧಿಕ ಮಾನೋನ್ಮಾನವನ್ನು, ಅಂದರೆ ಅಳತೆಯಲ್ಲಿ ಮಾಡುವ ಮೋಸವನ್ನು, ಅಚೌರ್ಯವ್ರತದ ಅತಿಚಾರವೆಂದು ಆಚಾರ್ಯರು ಎಣಿಸಿದ್ದು ಏಕೆಂಬುದಕ್ಕೆ ವಾಡೆಯ ಉಗ್ರಾಣವೇ ಭಾಷ್ಯ. ಗೋಡೆಯನ್ನು ಕೊರೆದವನಷ್ಟೇ ಕಳ್ಳನಲ್ಲ. ಸೇರಿನ ತಳವನ್ನು ಏರಿಸಿದವನೂ ಕಳ್ಳನೇ.

ಹಿತ್ತಿಲ ಬಾಗಿಲು

ವಾಡೆಯ ಚರಿತ್ರೆಯನ್ನು ಹೆಬ್ಬಾಗಿಲಿನಿಂದ ಮಾತ್ರ ಬರೆದರೆ ಅದು ಅರ್ಧಸತ್ಯ. ಗೋಡೆಯ ಕಲ್ಲನ್ನು ಹೊತ್ತವರು, ಮಾಳಿಗೆಯ ಮಣ್ಣನ್ನು ತುಳಿದವರು, ಹಗೇವಿಗೆ ಇಳಿದವರು ಹಿತ್ತಿಲ ಬಾಗಿಲಿನಿಂದ ಬಂದುಹೋಗುತ್ತಿದ್ದರು. ಅವರಲ್ಲಿ ಬಹುಮಂದಿ ದಲಿತರು. ಮನೆಯನ್ನು ಕಟ್ಟಿದ ಕೈಗಳಿಗೆ ಆ ಮನೆಯ ಪಡಸಾಲೆ ನಿಷಿದ್ಧವಾಗಿತ್ತು. ಎತ್ತು ನಿಲ್ಲಬಹುದಾದ ಸೂರಿನಡಿ ಮನುಷ್ಯನು ನಿಲ್ಲಲಾರದೆ ಹೋದನು.

ತಂದೆಯು ಮದುವೆಗೋ ಮಣ್ಣಿಗೋ ಮಾಡಿದ ಅಲ್ಪಸಾಲಕ್ಕಾಗಿ ಮಗನು ಜೀತಕ್ಕೆ ನಿಲ್ಲುವುದು ಸಾಮಾನ್ಯವಾಗಿತ್ತು. ಹೈದರಾಬಾದು ಸಂಸ್ಥಾನದಲ್ಲಿ ಭಾಗೇಲಾ ಎಂದು ಕರೆಯಿಸಿಕೊಂಡ ಈ ಜೀತದ ಕರಾರುಗಳನ್ನು ನಿಯಂತ್ರಿಸಲು 1930ರ ದಶಕದಲ್ಲಿಯೇ ನಿಜಾಮ ಸರಕಾರವು ಕಾಯಿದೆಯನ್ನು ಮಾಡಿತಾದರೂ ಹಳ್ಳಿಗಳಲ್ಲಿ ಅದರ ಪರಿಣಾಮ ಅಲ್ಪ. ದೇಶದಾದ್ಯಂತ ಜೀತವನ್ನು ರದ್ದುಪಡಿಸುವ ಕಾನೂನು ಬಂದುದು 1976ರಲ್ಲಿ. ಪರಿಗ್ರಹದ ಪಟ್ಟಿಯಲ್ಲಿ ಆಳುಮಕ್ಕಳ ಉಲ್ಲೇಖವಿರುವುದನ್ನು ಕಂಡು ಇಂದಿನ ಓದುಗನಿಗೆ ಮುಜುಗರವಾಗುವುದು ಸಹಜ. ಆ ಕಾಲದ ಸಮಾಜವು ಮನುಷ್ಯನನ್ನೂ ಸ್ವತ್ತಿನಲ್ಲಿ ಎಣಿಸುತ್ತಿತ್ತು ಎಂಬ ಸತ್ಯ ಅಲ್ಲಿದೆ. ಅದಕ್ಕೂ ಮಿತಿ ಬೇಕೆಂದು ವ್ರತವು ಹೇಳಿತು. ಮಿತಿಯು ಶೂನ್ಯವಾಗಬೇಕೆಂದು ಹೇಳಲು ಸಂವಿಧಾನವೂ ಕಾನೂನೂ ಬರಬೇಕಾಯಿತು. ಧರ್ಮದ ಅಭಿಮಾನಿಗಳು ಈ ಅಂತರವನ್ನು ಮರೆಮಾಚದೆ ಒಪ್ಪಿಕೊಳ್ಳುವುದೇ ಸತ್ಯವ್ರತಕ್ಕೆ ಸಲ್ಲುವ ಗೌರವ.

ಕಾಲ ತಿರುಗಿದ ಬಗೆ

ವಾಡೆಯ ಲೋಕವು ಒಂದೇ ದಿನದಲ್ಲಿ ಕುಸಿಯಲಿಲ್ಲ. 1871ರಲ್ಲಿ ಮುಂಬಯಿ–ರಾಯಚೂರು ರೈಲುಮಾರ್ಗವೂ, 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹೈದರಾಬಾದಿನ ಕಡೆಗೆ ನಿಜಾಮರ ರೈಲುಮಾರ್ಗವೂ ತೆರೆದವು. ಹಗೇವಿನಲ್ಲಿ ಮಲಗುತ್ತಿದ್ದ ಕಾಳಿಗೆ ದೂರದ ಪೇಟೆಯ ಬೆಲೆ ಕಾಣಿಸಿತು; ಊರ ಬಳಿಯ ಫರಸಿಕಲ್ಲು ಗಾಡಿಯೇರಿ ಪರಸ್ಥಳಗಳ ನೆಲಗಟ್ಟಾಯಿತು. 1947–48ರಲ್ಲಿ ರಜಾಕಾರರ ಹಾವಳಿಯ ದೆಸೆಯಿಂದ ಅನೇಕ ಕುಟುಂಬಗಳು ಊರು ಬಿಟ್ಟು ಸಂಸ್ಥಾನದ ಗಡಿಯಾಚೆಗೆ ಹೋದವು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1949ರಲ್ಲಿ ಜಹಗೀರುಗಳು ರದ್ದಾದವು. 1950ರ ಹೈದರಾಬಾದು ಗೇಣಿ ಕಾಯಿದೆ ರೈತನಿಗೆ ಮೊದಲ ರಕ್ಷಣೆಯನ್ನು ಕೊಟ್ಟಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1963ರಿಂದ ವಂಶಪಾರಂಪರ್ಯದ ಗೌಡಿಕೆ ಕುಲಕರ್ಣಿಕೆಗಳು ಕೊನೆಗೊಂಡವು. 1974ರ ಭೂಸುಧಾರಣಾ ತಿದ್ದುಪಡಿಯು ಗೇಣಿಯ ನೆಲವನ್ನು ಉಳುವವನದಾಗಿ ಮಾಡಿ ಹಿಡುವಳಿಗೆ ಮಿತಿಯನ್ನು ವಿಧಿಸಿತು. ತಾನಾಗಿ ಹಾಕಿಕೊಳ್ಳದ ಪರಿಮಿತಿಯನ್ನು ಕಾಲವು ಕಾನೂನಿನ ರೂಪದಲ್ಲಿ ಹಾಕಿತು.

1972ರ ಬರವು ಉಳಿದ ಹಗೇವುಗಳನ್ನೂ ಬರಿದುಮಾಡಿತು. ತರುವಾಯ ಪಡಿತರದ ಅಂಗಡಿ, ಮಾರುಕಟ್ಟೆ ಸಮಿತಿಯ ಗೋದಾಮು, ಗೋಣಿಚೀಲ, ಕಾಳಿಗೆ ಹಾಕುವ ವಿಷದ ಗುಳಿಗೆಗಳು ಬಂದವು. ಹಗೇವುಗಳನ್ನು ಮಣ್ಣಿನಿಂದ ತುಂಬಿ ಮೇಲೆ ರಸ್ತೆ ಮಾಡಿದರು. ಶಹಾಬಾದ್, ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟು ಕಾರ್ಖಾನೆಗಳು ಎದ್ದು, ವಾಡೆಗೆ ಗೋಡೆಯಾಗಿದ್ದ ಸುಣ್ಣಗಲ್ಲು ಪುಡಿಯಾಗಿ ದೇಶದ ಕಟ್ಟಡಗಳಾಯಿತು. ಮಕ್ಕಳು ಪಟ್ಟಣಗಳಿಗೆ ಹೋದರು. ಮಾಳಿಗೆಗೆ ಮಣ್ಣು ಹಾಕುವವರಿಲ್ಲದೆ ಮಳೆನೀರು ಒಳಗಿಳಿಯಿತು. ಕೆತ್ತನೆಯ ಕಂಬ ಬೋದಿಗೆಗಳು ಹಳೆಯ ವಸ್ತುಗಳ ವ್ಯಾಪಾರಿಗಳ ಪಾಲಾದವು. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತು ದೊರೆತು ಬೆಳೆಯ ಹೆಸರು ಉಳಿಯಿತು. ಆ ಬೆಳೆಯನ್ನು ಶತಮಾನಗಳ ಕಾಲ ಕಾಪಾಡಿದ ಕಟ್ಟಡಗಳಿಗೆ ಅಂತಹ ಗುರುತು ಇನ್ನೂ ದೊರೆತಿಲ್ಲ.

ಬಿಟ್ಟುಕೊಟ್ಟ ಮನೆಯ ದೃಷ್ಟಾಂತ

ಒಕ್ಕಲುಮನೆಯೊಂದು ಸ್ವತ್ತಿನ ಮಿತಿಯನ್ನು ದಾಟಿ ಲೋಕೋಪಕಾರದ ನೆಲೆಯಾದ ದೃಷ್ಟಾಂತ ಕರ್ನಾಟಕದಲ್ಲಿಯೇ ಇದೆ. ಧರ್ಮಸ್ಥಳವು ಹಿಂದೆ ಕುಡುಮವೆಂಬ ಹಳ್ಳಿಯಾಗಿದ್ದಾಗ ಅಲ್ಲಿ ನೆಲ್ಯಾಡಿ ಬೀಡು ಎಂಬ ಜೈನ ಮನೆತನದ ಮನೆಯಿದ್ದಿತು. ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ದಂಪತಿಗಳು ಅತಿಥಿಸತ್ಕಾರಕ್ಕೆ ಹೆಸರಾದವರು. ಧರ್ಮದೈವಗಳು ಮಾನುಷ ವೇಷದಿಂದ ಬಂದು ಅವರ ಆತಿಥ್ಯವನ್ನು ಕಂಡು ಮೆಚ್ಚಿ, ಆ ಮನೆಯನ್ನೇ ತಮಗೆ ಬಿಟ್ಟುಕೊಡುವಂತೆ ಕೇಳಿದವೆಂದೂ, ದಂಪತಿಗಳು ಮರುಮಾತಾಡದೆ ಬೀಡನ್ನು ದೈವಗಳಿಗೆ ಒಪ್ಪಿಸಿ ತಾವು ಬೇರೆ ಮನೆ ಮಾಡಿಕೊಂಡರೆಂದೂ ಐತಿಹ್ಯವು ಹೇಳುತ್ತದೆ. ಐತಿಹ್ಯವನ್ನು ಐತಿಹ್ಯವೆಂದೇ ತೆಗೆದುಕೊಂಡರೂ ಅದರ ತಾತ್ಪರ್ಯ ಸ್ಪಷ್ಟ. ಕೂಡಿಟ್ಟ ಮನೆಯು ಒಂದು ವಂಶಕ್ಕೆ ಆಶ್ರಯ. ಬಿಟ್ಟುಕೊಟ್ಟ ಮನೆಯು ಲೋಕಕ್ಕೆ ಆಶ್ರಯ. ಅನ್ನದಾನದಿಂದ ಹೆಸರಾದ ಆ ಕ್ಷೇತ್ರದ ಚರಿತ್ರೆಯು ಒಂದು ಒಕ್ಕಲುಮನೆಯ ಹೊಸ್ತಿಲಿನಿಂದ ಆರಂಭವಾಗುವುದು ಆಕಸ್ಮಿಕವಲ್ಲ.

ಕಾಗಿಣಾ ಸೀಮೆಯ ವಾಡೆಗಳಿಗೆ ದೈವಗಳು ಬಂದು ಕೇಳಲಿಲ್ಲ. ಮುಂದಿನ ತಲೆಮಾರು ಕೇಳುತ್ತಿದೆ. ಉಳಿದಿರುವ ಕೆಲವನ್ನಾದರೂ ಅಳೆದು ನಕ್ಷೆಗಳನ್ನು ಬರೆದಿಡುವುದು, ಮುಚ್ಚಿಹೋದ ಹಗೇವುಗಳ ಸ್ಥಳಗಳನ್ನು ಹಿರಿಯರಿಂದ ಕೇಳಿ ಗುರುತಿಸುವುದು, ಹಳೆಯ ಸೇರು ಪಾವುಗಳನ್ನು ಗುಜರಿಗೆ ಹೋಗದಂತೆ ಕಾಪಾಡುವುದು ಊರಿನ ಶಾಲೆಗೂ ಪಂಚಾಯತಿಗೂ ಮೀರಿದ ಕೆಲಸಗಳಲ್ಲ. ಬಾಳಿಕೆಯುಳ್ಳ ವಾಡೆಯೊಂದು ಊರಿನ ವಾಚನಾಲಯವಾಗಬಹುದು. ಹಿಂದೆ ಪಡಸಾಲೆಯನ್ನು ಏರಲಾರದೆ ಹೋದವರ ಮಕ್ಕಳು ಅಲ್ಲಿ ಕುಳಿತು ಓದಬಹುದು. ವಾಡೆಯಲ್ಲಿ ಹುಟ್ಟಿದವರ ನೆನಪುಗಳ ಜೊತೆಗೆ ವಾಡೆಗೆ ದುಡಿದವರ ನೆನಪುಗಳನ್ನೂ ಬರೆದಿಟ್ಟರೆ ಮಾತ್ರ ಆ ಚರಿತ್ರೆಯು ಪೂರ್ಣವಾಗುತ್ತದೆ. ವೃದ್ಧರು ಒಬ್ಬೊಬ್ಬರಾಗಿ ಅಗಲುತ್ತಿರುವುದರಿಂದ ಈ ಕೆಲಸಕ್ಕೆ ಉಳಿದಿರುವ ಕಾಲ ಬಹಳವಿಲ್ಲ.

ಕ್ಷೇತ್ರ, ವಾಸ್ತು, ಧನ, ಧಾನ್ಯಗಳನ್ನು ಎಣಿಸಿದ ಆಚಾರ್ಯರು ಅವುಗಳನ್ನು ದ್ವೇಷಿಸಲು ಹೇಳಲಿಲ್ಲ, ಅಳೆದುಕೊಳ್ಳಲು ಹೇಳಿದರು. ಹಗೇವಿನ ಬಾಯನ್ನು ಕಿರಿದಾಗಿ ಅಗೆದ ಒಕ್ಕಲಿಗನಿಗೆ ಕಾಳನ್ನು ಕಾಯುವ ಜಾಣ್ಮೆಯಿದ್ದಿತು. ಆ ಬಾಯನ್ನು ಸಕಾಲದಲ್ಲಿ ತೆರೆಯುವ ವಿವೇಕವೂ ಇದ್ದ ಮನೆಗಳು ಯಾವುವೆಂಬುದನ್ನು ಊರು ಇನ್ನೂ ಮರೆತಿಲ್ಲ.